ಇಂಪ್ರೂವ್, ಎನ್‌ಹಾನ್ಸ್, ಅಮೀಲಿಯರೇಟ್: ಯಾವುದನ್ನು ಎಲ್ಲಿ ಬಳಸಬೇಕು?

ಕಚೇರಿಯ ಇಂಗ್ಲಿಷ್ ವರದಿಯಲ್ಲಿ ‘ಇಂಪ್ರೂವ್’ ಪದವೇ ಮರುಕಳಿಸುತ್ತಿದೆ, ಅದರ ಬದಲು ‘ಎನ್‌ಹಾನ್ಸ್’ ಅಥವಾ ‘ಅಮೀಲಿಯರೇಟ್’ ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ಕೇವಲ ಪುನರುಕ್ತಿ ತಪ್ಪಿಸುವ ಉದ್ದೇಶವಿದ್ದರೆ ಬೇಡವೆಂದೇ ಹೇಳುತ್ತೇನೆ. ನಿಘಂಟು ಇವನ್ನು ಸಮಾನಾರ್ಥಕಗಳೆಂದು ಕೊಟ್ಟರೂ, ಸುಧಾರಣೆಗೆ ಮುನ್ನ ಆ ವಸ್ತುವಿನ ಸ್ಥಿತಿ ಹೇಗಿತ್ತು ಎಂಬುದರಲ್ಲಿ ಅವು ಬೇರೆಯಾಗುತ್ತವೆ.

‘ಅಮೀಲಿಯರೇಟ್’ ಬರುವುದು ನೋವು, ಬಡತನ, ಕೊಳೆಗೇರಿಯ ದುಸ್ಥಿತಿಯಂತಹ ಕೆಟ್ಟದ್ದರ ಜೊತೆಗೆ. ಮಾರಾಟವನ್ನು ಅಮೀಲಿಯರೇಟ್ ಮಾಡಿದೆವೆಂದು ಬರೆದರೆ, ಮಾರಾಟವೇ ಒಂದು ಸಂಕಟವಾಗಿತ್ತೆಂಬ ಧ್ವನಿ ಹೊರಡುತ್ತದೆ.

‘ಎನ್‌ಹಾನ್ಸ್’ ಪದದ ಬೇರು ‘ಎತ್ತರ’ ಎಂಬರ್ಥದ ಲ್ಯಾಟಿನ್ ಪದದಲ್ಲಿದೆ. ಇರುವುದನ್ನು ಇನ್ನಷ್ಟು ಏರಿಸುವುದು ಅದರ ಕೆಲಸ. ಏರಿದ್ದು ಒಳ್ಳೆಯದೇ ಆಗಿರಬೇಕೆಂದಿಲ್ಲ. ನಮ್ಮ ನ್ಯಾಯಾಲಯಗಳ ತೀರ್ಪುಗಳಲ್ಲಿ ಭೂಸ್ವಾಧೀನದ ಪರಿಹಾರವನ್ನು ಹೆಚ್ಚಿಸಿದಾಗ ಬಳಸುವ ಈ ಪದವನ್ನೇ ಅಪರಾಧಿಯ ಶಿಕ್ಷೆಯನ್ನು ಹೆಚ್ಚಿಸಿದಾಗಲೂ ಬಳಸುತ್ತಾರೆ. ಅಲ್ಲಿ ‘ಇಂಪ್ರೂವ್’ ಎಂದರೆ ಅನರ್ಥವಾದೀತು.

ವ್ಯಾಕರಣದ ತೊಡಕೂ ಒಂದಿದೆ. ಕನ್ನಡದಲ್ಲಿ ಯಾವ ಇಂಗ್ಲಿಷ್ ಪದಕ್ಕಾದರೂ ‘ಮಾಡು’ ಅಥವಾ ‘ಆಗು’ ಸೇರಿಸಿ ಮಾತನಾಡುವ ನಮಗೆ ಇದು ಸುಲಭವಾಗಿ ಕಣ್ತಪ್ಪುತ್ತದೆ. ‘ದ ಪೇಷೆಂಟ್ ಇಂಪ್ರೂವ್ಡ್’ ಎಂಬುದು ಸರಿ, ಏಕೆಂದರೆ ‘ಇಂಪ್ರೂವ್’ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ದ ಸರ್ವೀಸ್ ಎನ್‌ಹಾನ್ಸ್ಡ್’ ಎಂಬಲ್ಲಿ ವಾಕ್ಯ ನಿಲ್ಲುವುದಿಲ್ಲ. ಏನನ್ನು ಏರಿಸಿತು ಎಂದು ಓದುಗರು ಕಾಯುತ್ತಲೇ ಇರುತ್ತಾರೆ.

‘ಇಂಪ್ರೂವ್’ ಪದವನ್ನು ಸಾಧಾರಣವೆಂದು ಕಡೆಗಣಿಸಬೇಡಿ. ಮೊದಲು ಲಾಭಕ್ಕೆ ತರುವುದು, ಅದರಲ್ಲೂ ಭೂಮಿಯಿಂದ ಹೆಚ್ಚು ಆದಾಯ ಪಡೆಯುವುದು ಎಂಬ ಅರ್ಥದಲ್ಲಿದ್ದ ಪದವದು. ಅದರ ನಾಮಪದದ ನಂತರ ಬರುವ ಪ್ರಿಪೊಸಿಷನ್ ಮೇಲೆ ಮಾತ್ರ ಕಣ್ಣಿಡಿ: ಸೇವೆಯೇ ಮೊದಲಿಗಿಂತ ಸುಧಾರಿಸಿದ್ದರೆ ‘ಇಂಪ್ರೂವ್‌ಮೆಂಟ್ ಇನ್’, ಹಳೆಯ ವ್ಯವಸ್ಥೆಗಿಂತ ಹೊಸದು ಉತ್ತಮವಾಗಿದ್ದರೆ ‘ಇಂಪ್ರೂವ್‌ಮೆಂಟ್ ಆನ್’.

ಪುನರುಕ್ತಿ ನಿಜಕ್ಕೂ ಕಾಡಿದರೆ, ಪರ್ಯಾಯ ಪದ ಹುಡುಕುವುದಕ್ಕಿಂತ ಆದ ಬದಲಾವಣೆಯನ್ನೇ ಹೆಸರಿಸಿ. ದೂರುಗಳ ವಿಲೇವಾರಿ ಬೇಗ ಆಗುತ್ತಿದ್ದರೆ ‘ಶಾರ್ಟನ್ಡ್’, ತಪ್ಪುಗಳು ಕಡಿಮೆಯಾಗಿದ್ದರೆ ‘ರೆಡ್ಯೂಸ್ಡ್’ ಎಂದು ಬರೆದು, ಪಕ್ಕದಲ್ಲೇ ಅಂಕಿ ಅಂಶ ಕೊಡಿ.