ಬೆಳಿಗ್ಗೆಯೇ ಬೂದಿ ಎಸೆಯಬೇಡಿ

ರಾತ್ರಿ ಉರಿಸಿದ ಸೌದೆ ಒಲೆಯ ಬೂದಿಯನ್ನು ಬೆಳಿಗ್ಗೆ ಪ್ಲಾಸ್ಟಿಕ್ ಕವರಿಗೆ ತುಂಬಿ ಕಸಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಬೂದಿ ಮುಚ್ಚಿದ ಕೆಂಡ ಅನ್ನೋದು ಸುಮ್ನೆ ಮಾತಲ್ಲ. ಬೂದಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಒಳಗಿನ ಕೆಂಡ 3-4 ದಿನ ಆರದೆ ಇರಬಹುದು. ನಾನೊಮ್ಮೆ ಮಾರನೇ ದಿನ ನೋಡಿದಾಗ ಮೇಲೆಲ್ಲ ತಣ್ಣಗಿತ್ತು. ಕೆದಕಿದರೆ ಕಿರುಬೆರಳ ಉಗುರಿನಷ್ಟು ಕೆಂಪು ಚೂರು ಮಿನುಗಿತು!

ಲೋಹದ ಸಲಿಕೆಯಿಂದ ಎತ್ತಿ, ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ. ಹೊರಗೆ ಒಯ್ದು ನಿಧಾನವಾಗಿ ನೀರು ಹಾಕಿ ಕಲಕಿ. ಬಿಸಿ ಆವಿ ಏಳುತ್ತದೆ, ಮುಖ ದೂರವಿರಲಿ. ಮುಚ್ಚಿ, ಮನೆಯಿಂದ 10 ಅಡಿಗಿಂತ ಜಾಸ್ತಿ ದೂರ, ಬರೀ ನೆಲದ ಮೇಲಿಡಿ. ನಾಲ್ಕು ದಿನ ಬಿಟ್ಟು ಎಸೆಯಿರಿ. ವ್ಯಾಕ್ಯೂಮ್ ಕ್ಲೀನರ್ ಅಂತೂ ಹತ್ತಿರ ತರಬೇಡಿ. ಒದ್ದೆ ಬೂದಿ ಕ್ಷಾರ ಅಲ್ವಾ, ಚರ್ಮ ಸುಡುತ್ತದೆ. ಗ್ಲೌಸ್ ಹಾಕಿಕೊಳ್ಳಿ.