ಸ್ನಾಯುಗಳಲ್ಲಿ ಮೂರು ವಿಧ ಯಾಕೆ, ಒಂದೇ ಸಾಲದಿತ್ತಾ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಒಂಬತ್ತನೇ ತರಗತಿಯ ಮಗಳು “ಐಚ್ಛಿಕ, ಅನೈಚ್ಛಿಕ, ಹೃದಯ ಸ್ನಾಯು” ಅಂತ ಬಾಯಿಪಾಠ ಮಾಡುತ್ತಿದ್ದವಳು ನಡುವೆ ನಿಲ್ಲಿಸಿ, “ಮೂರು ಯಾಕಪ್ಪಾ, ಒಂದೇ ಸಾಲಲ್ವಾ?” ಎಂದು ಕೇಳಿದಳು, ನಿಮಗೆ ಉತ್ತರ ಹೊಳೆಯಲಿಲ್ಲ ಎಂದಿದ್ದೀರಿ. ಜೊತೆಗೆ ಬೆಳಗಿನ ಜಾವ ನಿಮ್ಮ ಮೀನಖಂಡ ಹಿಡಿದುಕೊಳ್ಳುವುದು ಯಾಕೆ ಎಂದೂ ಕೇಳಿದ್ದೀರಿ. ನಾನು ಫಿಸಿಯೋಥೆರಪಿ ಮಾಡುವವನು. ದಿನಾ ಜನರ ಸ್ನಾಯು ಮುಟ್ಟಿ ನೋಡುವುದೇ ನನ್ನ ಕೆಲಸ. ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ಮೂರರ ಒಳಗೂ ಇರುವ ಯಂತ್ರ ಹೆಚ್ಚುಕಮ್ಮಿ ಒಂದೇ. ಅದರ ಸ್ವಿಚ್ಚು ಯಾರ ಕೈಯಲ್ಲಿದೆ, ಎಷ್ಟು ಹೊತ್ತು ದುಡಿಯಬೇಕು ಅನ್ನೋದಷ್ಟೇ ಬೇರೆ. ಈ ಒಂದು ಮಾತು ಮಗಳಿಗೆ ಗೊತ್ತಾದರೆ ಉಳಿದದ್ದು ತಾನಾಗಿ ನೆನಪಿರುತ್ತದೆ.

ಮೊದಲು ಯಂತ್ರ ನೋಡೋಣ. ತೆಂಗಿನ ನಾರಿನ ಹಗ್ಗ ಬಿಚ್ಚಿದ್ದೀರಾ? ಹಗ್ಗದೊಳಗೆ ಹುರಿ, ಹುರಿಯೊಳಗೆ ನಾರು. ಸ್ನಾಯುವೂ ಹಾಗೆಯೇ. ಹೊರಗೊಂದು ಪೊರೆ, ಒಳಗೆ ಕಟ್ಟುಗಳು, ಕಟ್ಟಿನೊಳಗೆ ಕೂದಲಿನಷ್ಟು ಅಥವಾ ಅದಕ್ಕಿಂತ ತೆಳ್ಳಗಿನ ಎಳೆಗಳು. ಒಂದೊಂದು ಎಳೆಯೂ ಒಂದೊಂದು ಜೀವಕೋಶ. ಅದರೊಳಗೆ ಇನ್ನೂ ಸಣ್ಣ ಎಳೆಗಳು, ಅವುಗಳ ಉದ್ದಕ್ಕೂ ಸರಪಳಿಯ ಕೊಂಡಿಗಳಂತೆ ಪುಟ್ಟ ಪುಟ್ಟ ಅಂಕಣಗಳು. ಇವಕ್ಕೆ ಸಾರ್ಕೋಮಿಯರ್ ಅಂತ ಹೆಸರು. ಒಂದರ ಉದ್ದ ಸುಮಾರು 2.5 ಮೈಕ್ರೋಮೀಟರ್. ಅಂದರೆ ಒಂದು ಸೆಂಟಿಮೀಟರಿನಲ್ಲಿ ಸುಮಾರು 4,000 ಅಂಕಣ ಸಾಲಾಗಿ ಕೂರುತ್ತವೆ. ಒಂದೊಂದೂ ಚೂರೇ ಚೂರು ಕುಗ್ಗಿದರೆ ಸಾಕು, ಇಡೀ ರಟ್ಟೆ ಉಬ್ಬುತ್ತದೆ.

ಅಂಕಣದೊಳಗೆ ಎರಡು ಬಗೆಯ ತಂತುಗಳಿವೆ, ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್. ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ಒಂದು ಕೈ ಹಗ್ಗ ಎಳೆಯುತ್ತದೆ, ಅಷ್ಟರಲ್ಲಿ ಇನ್ನೊಂದು ಕೈ ಮುಂದಕ್ಕೆ ಹೋಗಿ ಹಿಡಿಯುತ್ತದೆ. ಮಯೋಸಿನ್‌ಗೆ ಅಂಥ ನೂರಾರು ಕೈಗಳು. ಅವು ಆಕ್ಟಿನ್ನನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ತಂತುಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಅಷ್ಟೇ. ಇದನ್ನು 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ತಮಾಷೆ ಎಂದರೆ ಒಂದು ತಂಡದಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಇಬ್ಬರೂ ಸಂಬಂಧಿಕರಲ್ಲ!

ಇಲ್ಲಿ ಒಂದು ವಿಚಿತ್ರವಿದೆ. ಎಳೆಯಲು ಶಕ್ತಿ ಬೇಕು, ಸರಿ. ಆದರೆ ಹಿಡಿದ ಕೈ ಬಿಡಬೇಕಾದರೂ ಎಟಿಪಿ ಎಂಬ ಇಂಧನ ಬಂದು ಅಂಟಿಕೊಳ್ಳಬೇಕು. ಅದಿಲ್ಲದಿದ್ದರೆ ಹಿಡಿದದ್ದು ಹಿಡಿದ ಹಾಗೇ. ಊರಲ್ಲಿ ಯಾರಾದರೂ ಹೋದರೆ ಹಿರಿಯರು ತಕ್ಷಣ ಕಣ್ಣು ಮುಚ್ಚಿಸಿ, ದವಡೆಗೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟುತ್ತಾರಲ್ವಾ? ತಡವಾದರೆ ಮೈ ಸೆಟೆದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತು. ಉಸಿರು ನಿಂತ ಮೇಲೆ ಎಟಿಪಿ ತಯಾರಾಗುವುದಿಲ್ಲ, ಮಯೋಸಿನ್ ಕೈಗಳು ಬಿಡುವುದಿಲ್ಲ. ಆ ಸೆಟೆತ ಮೊದಲು ಕಾಣುವುದೂ ರೆಪ್ಪೆ, ದವಡೆಯಲ್ಲೇ.

ಇನ್ನು ಸ್ವಿಚ್ಚು. ಮಗಳಿಗೆ ಒಂದು ತುತ್ತು ರಾಗಿ ಮುದ್ದೆ ಕೊಡಿ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ನಾಲಿಗೆಯಿಂದ ಹಿಂದಕ್ಕೆ ತಳ್ಳುವವರೆಗೆ ಯಜಮಾನಿಕೆ ಅವಳದು. ಬೇಡ ಎನಿಸಿದರೆ ಉಗುಳಬಹುದು. ಗಂಟಲು ದಾಟಿತೋ, ಮುಗಿಯಿತು. ಯಾರು ಕರೆದರೂ ವಾಪಸ್ಸು ಬರುವುದಿಲ್ಲ. ಅನ್ನನಾಳದ ಮೇಲ್ಭಾಗದಲ್ಲಿ ಕೈಕಾಲಿನಲ್ಲಿರುವಂಥ ಪಟ್ಟೆಪಟ್ಟೆ ಸ್ನಾಯು, ನಡುವೆ ಎರಡೂ ಬೆರೆತದ್ದು, ಕೆಳಗೆ ಪೂರ್ತಿ ನುಣುಪು ಸ್ನಾಯು. ಹತ್ತು ಸೆಕೆಂಡಿನೊಳಗೆ ಆ ತುತ್ತು ಒಂದು ವಿಧದಿಂದ ಇನ್ನೊಂದು ವಿಧದ ಕೈಗೆ ಹೋಗಿರುತ್ತದೆ. ನನ್ನ ಪ್ರಕಾರ ಪುಸ್ತಕದ ಚಿತ್ರಕ್ಕಿಂತ ಇದೇ ಒಳ್ಳೆಯ ಪಾಠ.

ಮೊದಲನೆಯದು ಕೈಕಾಲಿನ ಈ ಪಟ್ಟೆ ಸ್ನಾಯು, ಮಗಳ ಪುಸ್ತಕದ ‘ಐಚ್ಛಿಕ’. ಇವು ಮೂಳೆಗೆ ಅಂಟಿಕೊಂಡವು. ಮೈಯಲ್ಲಿ 600ಕ್ಕೂ ಜಾಸ್ತಿ ಇವೆ, ತೂಕದಲ್ಲಿ ಹೆಚ್ಚುಕಮ್ಮಿ ಶೇ. 40 ಇವೇ. ಎಲ್ಲಕ್ಕಿಂತ ದೊಡ್ಡದು ಕುಂಡಿಯದು, ಎಲ್ಲಕ್ಕಿಂತ ಸಣ್ಣದು ಕಿವಿಯೊಳಗಿನ ಸ್ಟೆಪೀಡಿಯಸ್. ನರದಿಂದ ಸಂದೇಶ ಬಂದರೆ ಸ್ನಾಯುವಿನೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ಚೆಲ್ಲುತ್ತದೆ, ಮಯೋಸಿನ್ ಎಳೆಯಲು ಶುರು ಮಾಡುತ್ತದೆ. ಕ್ಯಾಲ್ಸಿಯಂ ಮತ್ತೆ ಚೀಲ ಸೇರಿದರೆ ಸಡಿಲ.

ನೆನಪಿಡಬೇಕಾದ್ದು, ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಈಗಲೇ ನೋಡಿ. ಬಲ ಅಂಗೈ ಮೇಲೆ ಮಾಡಿ ಮೇಜಿನ ಕೆಳಗಿಟ್ಟು ಎತ್ತಲು ಹೋಗಿ. ಎಡಗೈಯಿಂದ ರಟ್ಟೆ ಮುಟ್ಟಿದರೆ ಮುಂಭಾಗ ಗಟ್ಟಿ, ಹಿಂಭಾಗ ಮೆತ್ತಗೆ. ಈಗ ಅಂಗೈಯನ್ನು ಮೇಜಿನ ಮೇಲಿಟ್ಟು ಒತ್ತಿ. ಹಿಂಭಾಗ ಗಟ್ಟಿಯಾಯಿತು ಅಲ್ವಾ? ನೀವು ಮೇಜನ್ನು ತಳ್ಳುತ್ತಿದ್ದೀರಿ, ಆದರೆ ಒಳಗೆ ಆ ಸ್ನಾಯು ಮೊಣಕೈ ಮೂಳೆಯನ್ನು ಎಳೆಯುತ್ತಿದೆ. ಅದಕ್ಕೇ ಇವು ಜೋಡಿಯಾಗಿರುತ್ತವೆ.

ಹಾಗೇ ಮುಂಗೈಯನ್ನು ಹಿಡಿದುಕೊಂಡು ಬೆರಳಾಡಿಸಿ. ಮೊಣಕೈ ಹತ್ತಿರ ಏನೋ ಹರಿದಾಡಿದಂತೆ ಆಗುತ್ತದೆ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಅಲ್ಲಿವೆ. ಅಲ್ಲಿಂದ ಗಟ್ಟಿ ಹುರಿಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ, ಥೇಟ್ ಸೂತ್ರದ ಗೊಂಬೆ. ಈ ಹುರಿಗೆ ನಾವು ಟೆಂಡನ್ ಅನ್ನುತ್ತೇವೆ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ ಎಲ್ಲದಕ್ಕೂ “ನರ ಎಳ್ಕೊಂಡಿದೆ ಸಾರ್” ಅನ್ನುತ್ತಾರೆ. ನರಕ್ಕೆ ಏನೂ ಆಗಿರುವುದಿಲ್ಲ, ಎಳೆದುಕೊಂಡಿರುವುದು ಸ್ನಾಯು ಅಥವಾ ಟೆಂಡನ್. ಹೆಸರಿನ ಈ ಗೊಂದಲ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ 500 ಪೇಶಿ, 900 ಸ್ನಾಯು ಎಂದು ಬೇರೆ ಬೇರೆ ಲೆಕ್ಕವಿದೆ. ನಾವು ಇವತ್ತು ಸ್ನಾಯು ಅನ್ನುವುದು ಅಲ್ಲಿಯ ಪೇಶಿಗೆ ಹತ್ತಿರ.

ಎರಡನೆಯದು ನುಣುಪು ಸ್ನಾಯು, ಪುಸ್ತಕದ ‘ಅನೈಚ್ಛಿಕ’. ಇದರೊಳಗೂ ಅದೇ ಆಕ್ಟಿನ್, ಮಯೋಸಿನ್. ಸಾಲಾಗಿ ಜೋಡಿಸಿಲ್ಲ, ಅದಕ್ಕೇ ಪಟ್ಟೆ ಕಾಣುವುದಿಲ್ಲ. ಹೊಟ್ಟೆ, ಕರುಳು, ರಕ್ತನಾಳ, ಶ್ವಾಸನಾಳ, ಮೂತ್ರಕೋಶ, ಗರ್ಭಕೋಶ, ಕಣ್ಣಿನ ಪಾಪೆ, ಎಲ್ಲ ಕಡೆ ಇದೆ. ನಿಧಾನ, ಆದರೆ ಒಮ್ಮೆ ಹಿಡಿದರೆ ಕಡಿಮೆ ಖರ್ಚಿನಲ್ಲಿ ಗಂಟೆಗಟ್ಟಲೆ ಹಿಡಿದಿರುತ್ತದೆ. ರಕ್ತನಾಳದ ಗೋಡೆ ದಿನವಿಡೀ ಬಿಗಿಯಾಗಿರಬೇಕು, ಅಲ್ಲಿ ತೋಳಿನ ಸ್ನಾಯು ಇಟ್ಟಿದ್ದರೆ ಸುಸ್ತಾಗಿ ಕೈಬಿಡುತ್ತಿತ್ತು. ಉಬ್ಬಸದವರಿಗೆ ಬಿಗಿಯಾಗುವುದು ಶ್ವಾಸನಾಳದ ಈ ಸ್ನಾಯುವೇ. ಚಳಿಗೆ ಮೈ ಜುಂ ಎಂದು ರೋಮ ನಿಲ್ಲಿಸುವುದೂ ಇದೇ.

ಒಂದು ತಕರಾರಿದೆ. ‘ಐಚ್ಛಿಕ’, ‘ಅನೈಚ್ಛಿಕ’ ಎಂಬ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಪಟ್ಟೆ ಸ್ನಾಯು, ಅಂದರೆ ಐಚ್ಛಿಕ. ಆದರೆ ನಿದ್ದೆಯಲ್ಲಿ ಉಸಿರಾಡಿಸುವುದು ಅದೇ. ಬಿಕ್ಕಳಿಕೆ ಬಂದಾಗ “ನಿಲ್ಲು” ಅಂದರೆ ಕೇಳುತ್ತದೆಯೇ? ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆಯಲಿ, ಮನಸ್ಸಿನಲ್ಲಿ ಇದು ಇರಲಿ.

ಮೂರನೆಯದು ಹೃದಯ ಸ್ನಾಯು. ಪಟ್ಟೆ ಇದೆ, ಆದರೆ ನಮ್ಮ ಮಾತು ಕೇಳುವುದಿಲ್ಲ. ಸ್ವಿಚ್ಚು ಅದರೊಳಗೇ ಇದೆ. ಮೇಲಿನ ಬಲಕೋಣೆಯ ಒಂದು ಪುಟ್ಟ ಜಾಗದಲ್ಲಿ ಮಿಡಿತ ಹುಟ್ಟಿ, ಕವಲೊಡೆದು ಒಂದಕ್ಕೊಂದು ಬೆಸೆದುಕೊಂಡ ಕೋಶಗಳ ಮೂಲಕ ಹರಡುತ್ತದೆ. ಅದಕ್ಕೇ ಬೇರೊಬ್ಬರಿಗೆ ಜೋಡಿಸಿದ ಹೃದಯ ನರಗಳ ಸಂಪರ್ಕ ಕಡಿದಿದ್ದರೂ ಬಡಿಯುತ್ತದೆ. ನಿಮಿಷಕ್ಕೆ 70 ಅಂದರೂ ದಿನಕ್ಕೆ ಒಂದು ಲಕ್ಷ ಬಡಿತ. ಒಂದು ಸಲ ಬಡಿದ ಮೇಲೆ ಚಿಕ್ಕ ಬಿಡುವು ಕಡ್ಡಾಯ, ಆಗ ಎಷ್ಟು ಕೆರಳಿಸಿದರೂ ಮತ್ತೆ ಕುಗ್ಗುವುದಿಲ್ಲ. ಕಾಲು ಹಿಡಿದುಕೊಂಡಂತೆ ಹೃದಯ ಹಿಡಿದುಕೊಂಡಿದ್ದರೆ ಗತಿ ಏನು?

ಕ್ಯಾಲ್ಸಿಯಂ ವಿಷಯ ಗೊತ್ತಾದದ್ದೂ ಹೃದಯದಿಂದಲೇ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟರೆ ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ಸಹಾಯಕ ಶುದ್ಧೀಕರಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದ! ಶುದ್ಧ ನೀರಿನಲ್ಲಿ ಮಾಡಿದರೆ ಬಡಿತ ಬೇಗ ಸೋತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಕಾರಣ. ಆಸ್ಪತ್ರೆಯಲ್ಲಿ ‘ಆರ್‌ಎಲ್’ ಡ್ರಿಪ್ ಹಾಕುತ್ತಾರಲ್ಲ, ಅದರ ‘ಆರ್’ ಇದೇ ರಿಂಗರ್.

ಚಲನೆ ಬಿಟ್ಟರೆ ಸ್ನಾಯುಗಳ ಬೇರೆ ಕೆಲಸಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೈ ಬಿಸಿ ಇಡುತ್ತವೆ, ಚಳಿಗೆ ನಡುಗುವುದು ಅದಕ್ಕೇ. ಊಟದ ನಂತರ ರಕ್ತದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಂಡು ಕೂಡಿಡುತ್ತವೆ. ಮೀನಖಂಡ ನಡೆಯುವಾಗೆಲ್ಲ ಕಾಲಿನ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಬಳಸದಿದ್ದರೆ ಬೇಗ ಕರಗುತ್ತವೆ. ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗನೊಬ್ಬನ ತೊಡೆಗೆ ಟೇಪು ಹಿಡಿದಾಗ ಇನ್ನೊಂದು ತೊಡೆಗಿಂತ ಮೂರು ಸೆಂಟಿಮೀಟರ್ ಕಮ್ಮಿ ಇತ್ತು. ಅವನಮ್ಮ ಪ್ಲಾಸ್ಟರ್ ಬಿಗಿಯಾಗಿದ್ದೇ ತಪ್ಪು ಅಂದುಕೊಂಡಿದ್ದರು. ಮೂರು ತಿಂಗಳ ವ್ಯಾಯಾಮಕ್ಕೆ ಬಹುಪಾಲು ತುಂಬಿಕೊಂಡಿತು.

ಇನ್ನೊಂದು ತಪ್ಪು ತಿಳಿವಳಿಕೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದ ಮಾರನೇ ದಿನ ತೊಡೆ ನೋಯುವುದು ಲ್ಯಾಕ್ಟಿಕ್ ಆಸಿಡ್‌ನಿಂದ ಅನ್ನುತ್ತಾರೆ. ಅದು ಹೆಚ್ಚುಕಮ್ಮಿ ಒಂದು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ನೋವು ಕೊಟ್ಟದ್ದು ಹತ್ತಿದ್ದಲ್ಲ, ಇಳಿದದ್ದು. ಇಳಿಯುವಾಗ ತೊಡೆಯ ಸ್ನಾಯು ಬಿಗಿಹಿಡಿದೇ ಉದ್ದವಾಗಬೇಕು. ಆ ಎಳೆದಾಟಕ್ಕೆ ಸಾರ್ಕೋಮಿಯರ್‌ಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಎರಡು ಮೂರು ದಿನಕ್ಕೆ ಸರಿಹೋಗುತ್ತದೆ, ಮುಂದಿನ ಸಲ ಅಷ್ಟು ನೋಯುವುದಿಲ್ಲ.

ಈಗ ನಿಮ್ಮ ಮೀನಖಂಡ. ಅಲ್ಲಿ ಸ್ವಿಚ್ಚು ಸಿಕ್ಕಿಹಾಕಿಕೊಂಡಿದೆ ಅಂದುಕೊಳ್ಳಿ. ನರ ಬಿಡದೆ ಸಂದೇಶ ಕಳಿಸುತ್ತಿದೆ, ಸ್ನಾಯು ಎಳೆಯುತ್ತಲೇ ಇದೆ. ಮಲಗುವಾಗ ಪಾದ ಕೆಳಮುಖವಾಗಿ ಚಾಚಿರುತ್ತದೆ, ಮೀನಖಂಡ ಆಗಲೇ ಕುಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಚೂರು ಕೆರಳಿದರೂ ಗಂಟು ಕಟ್ಟುತ್ತದೆ. ಹಿಡಿದುಕೊಂಡಾಗ ಜೋರಾಗಿ ಗುದ್ದಬೇಡಿ. ಮೊಣಕಾಲು ನೇರ ಇಟ್ಟು, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ. ಕೈಗೆ ಎಟುಕದಿದ್ದರೆ ಟವೆಲ್ಲನ್ನು ಪಾದಕ್ಕೆ ಸುತ್ತಿ ಎಳೆಯಿರಿ. ಟೆಂಡನ್ ಮೇಲೆ ಎಳೆತ ಬಿದ್ದಾಗ ಅಲ್ಲಿಂದ “ಸಾಕು, ಬಿಡು” ಎಂಬ ಸಂದೇಶ ಬೆನ್ನುಹುರಿಗೆ ಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲದ ಮೇಲೇ ಇಟ್ಟು ಮುಂದೆ ವಾಲಿ ಎರಡು ಮೂರು ಸಲ ಇದೇ ಮಾಡಿ.

ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋವಿದ್ದು ಅದು ಇಳಿಯದೇ ಇದ್ದರೆ ಮಾತ್ರ ಇದನ್ನೆಲ್ಲ ಮಾಡಬೇಡಿ, ಎಣ್ಣೆ ಹಚ್ಚಿ ತಿಕ್ಕಿಸಲೂ ಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಿ. ಬಿಪಿಗೋ ಕೊಲೆಸ್ಟರಾಲಿಗೋ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿಯನ್ನೂ ಜೊತೆಗೆ ಒಯ್ಯಿರಿ, ಕೆಲವು ಮಾತ್ರೆಗಳಿಂದಲೂ ಹೀಗೆ ಹಿಡಿದುಕೊಳ್ಳುತ್ತದೆ.