ಛಲಕ್ಕೆ ಮುಂಚೆ ಹೊಸಿಲು

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಕೊಳೆಮದ್ದು ಹೊಡೆಯಲು ಅಡಿಕೆ ಮರ ಹತ್ತಿದ ತಮ್ಮ ಬಿದ್ದು 14 ತಿಂಗಳಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೋಣೆ ಬಿಟ್ಟು ಹೊರಬರುವುದಿಲ್ಲ. ಛಲ ತುಂಬುವ ಸಾಧಕರ ಕಥೆಗಳನ್ನು ಹೆಚ್ಚು ಹಾಕಿ, ಓದಿ ಹೇಳುತ್ತೇನೆ.

ಅಕ್ಕಾ, ಛಲ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಎರಡು ಪುಟದ ಪತ್ರದಲ್ಲಿ ನಿಮ್ಮ ಜಗಲಿ ಎಷ್ಟು ಎತ್ತರ, ಬಚ್ಚಲಿನ ಬಾಗಿಲು ಎಷ್ಟು ಅಗಲ ಎಂಬುದೇ ಇಲ್ಲ. ಹೊಸಿಲು ದಾಟಲಾಗದೆ ಕೂತವನಿಗೆ ಸಾಧಕರ ಕಥೆ ಬೈಗುಳದ ಹಾಗೆ ಕೇಳುತ್ತದೆ.

ಗಾಲಿಕುರ್ಚಿ 1 ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಒಂದೂವರೆ ಅಡಿ ಜಗಲಿಗೆ 18 ಅಡಿ. ಜಾಗವಿಲ್ಲವೆಂದು 6 ಅಡಿಯಲ್ಲಿ ಮುಗಿಸಿದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ನಡುವೆ ತಿರುವು ಕೊಟ್ಟು, ಅಲ್ಲಿ 5 ಅಡಿ ಚೌಕ ಸಮತಟ್ಟು ಬಿಡಿಸಿ. ನುಣುಪು ಸಿಮೆಂಟು ಬೇಡ, ಅಡ್ಡಗೀರು ಎಳೆಸಿ. ಮಳೆಗಾಲದಲ್ಲಿ ಪಾಚಿ ಉಜ್ಜಿಸಿ. ಬಾಗಿಲಿಗೆ 3 ಅಡಿ ಅಗಲ.

ಇನ್ನು ಕುರ್ಚಿ. ವೇದಿಕೆ ಮೇಲೆ ಹಾರ ಹಾಕಿ ಹಂಚುವ ಗಾಲಿಕುರ್ಚಿ ಸಾಮಾನ್ಯವಾಗಿ 18 ಇಂಚು ಅಗಲ. 14 ಇಂಚು ಸೊಂಟದವನು ಅದರಲ್ಲಿ ಒಂದು ಪಕ್ಕಕ್ಕೆ ವಾಲುತ್ತಾನೆ, ಭಾರವೆಲ್ಲ ಒಂದೇ ಕುಂಡೆಯ ಎಲುಬಿನ ಮೇಲೆ. ನೋವು ಗೊತ್ತಾಗದ ಜಾಗ, ಹುಣ್ಣು ಒಳಗಿಂದಲೇ ಬೆಳೆಯುತ್ತದೆ. ದಪ್ಪ ದಿಂಬು ಹಾಕಿದರೂ 20 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ, ಎದೆಯನ್ನು ತೊಡೆಗೆ ತಂದು, ಎರಡು ನಿಮಿಷ ಇರಬೇಕು. ಕೈಯೂರಿ ಮೈ ಎತ್ತಬಹುದು, ಆದರೆ ಎರಡು ನಿಮಿಷ ಹಿಡಿಯಲಾಗದು, ಭುಜವೂ ಸವೆಯುತ್ತದೆ. ರಾತ್ರಿ ಕನ್ನಡಿ ಹಿಡಿದು ನೋಡಲಿ. ಚರ್ಮದ ಕೆಂಪು ಬಣ್ಣ ಬೆರಳಿಂದ ಒತ್ತಿದಾಗ ಮಾಸದಿದ್ದರೆ, ಅಥವಾ ಆ ಜಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ, ಅದು ಆರುವವರೆಗೆ ಕೂರುವುದೇ ಬೇಡ.

ಹಲವರು ಹೊರಗೆ ಬಾರದಿರುವುದು ಬೇಸರಕ್ಕಲ್ಲ, ಬಟ್ಟೆ ಒದ್ದೆಯಾದೀತೆಂಬ ಅಂಜಿಕೆಗೆ. ಅದಕ್ಕೇ ನೀರು ಕುಡಿಯುವುದು ಬಿಡುತ್ತಾರೆ. ಮೂತ್ರ ಕಟುವಾಗಿ ಸೋಂಕು, ಕಲ್ಲು. ವೈದ್ಯರು ಬೇಡವೆನ್ನದಿದ್ದರೆ 4ರಿಂದ 6 ಗಂಟೆಗೊಮ್ಮೆ, ಕೈ ತೊಳೆದು, ತಾನೇ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ಕೊಳವೆ) ಹಾಕಿ ಖಾಲಿ ಮಾಡಲು ಕಲಿಯಬೇಕು. ಒಂದು ಸಲಕ್ಕೆ 500 ಮಿಲಿಲೀಟರ್ ಮೀರುತ್ತಿದ್ದರೆ ಅಂತರ ಕಡಿಮೆ ಮಾಡಬೇಕು. ಉಬ್ಬಿದ ಮೂತ್ರಕೋಶದ ಒತ್ತಡ ಮೂತ್ರಪಿಂಡವನ್ನೇ ಕೆಡಿಸೀತು. ಈ ಗಡಿಯಾರ ಸರಿಹೋದ ಮೇಲೆ ಪೇಟೆ, ಮದುವೆಮನೆ ಎಲ್ಲ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ವಿಭಾಗ ತೆರೆದ ವೈದ್ಯ ಲುಡ್ವಿಗ್ ಗುಟ್ಮನ್ ಮೊದಲು ಹಿಡಿದದ್ದು ಇಂಥದ್ದನ್ನೇ: ಹುಣ್ಣಾಗದಂತೆ ಹಗಲು ರಾತ್ರಿ ಎರಡೆರಡು ಗಂಟೆಗೆ ರೋಗಿಗಳ ಮಗ್ಗುಲು ಬದಲಿಸುವುದು. ಆಮೇಲೆ ಮರಗೆಲಸ, ಗಡಿಯಾರ ರಿಪೇರಿ. 1948ರಲ್ಲಿ 16 ಜನರ ಬಿಲ್ಲುಗಾರಿಕೆ ಸ್ಪರ್ಧೆ; ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಜಗತ್ತು ಬಿಲ್ಲನ್ನು ನೆನಪಿಟ್ಟುಕೊಂಡಿತು, ಮಗ್ಗುಲನ್ನು ಮರೆಯಿತು. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದಲ್ಲ, ಅದನ್ನು ಗಮನಿಸಿ.

ನಿಮ್ಮ ತಮ್ಮನಿಗೆ ಹಲಗೆ ಮೇಲೆ ಕೂತು ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಡಬೇಡಿ. ಗಟ್ಟಿ ಹಲಗೆ ಮೇಲೆ ಕೂತರೆ ಹುಣ್ಣು ಖಚಿತ. ಬದಲಿಗೆ, ಹಿಪ್ಪಲಿ ಗಿಡದ ಕಡ್ಡಿಗೆ ಕಾಳುಮೆಣಸಿನ ಕಡ್ಡಿಯ ಕಸಿ ಕಟ್ಟುವುದು ಮೇಜಿನ ಕೆಲಸ. ಮೊಣಕಾಲು ಒಳಸೇರುವಂತೆ ಮೇಜು 30 ಇಂಚು ಎತ್ತರವಿರಲಿ. ಎರಡೂ ಕಡ್ಡಿ ಒಂದೇ ದಪ್ಪ, ಬೆಣೆಯಾಕಾರದ ಸೀಳು, ಬಿಗಿಯಾಗಿ ಪ್ಲಾಸ್ಟಿಕ್ ಪಟ್ಟಿ, ತೇವ ಹೋಗದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ. ಕಟ್ಟು ಸಡಿಲಾದರೆ ಕಸಿ ಒಣಗುತ್ತದೆ. ತೋಟದವನಿಗೆ ಕೈಗುಣ ಹೇಳಿಕೊಡಬೇಕಿಲ್ಲ.

ಸಿಟ್ಟು ಬರುವುದು ಬೇರೆ ಕಡೆ. ಸರ್ಕಾರಿ ನೌಕರ ಸೇವೆಯಲ್ಲಿರುವಾಗ ಅಂಗವಿಕಲನಾದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಕಲಂ ಅವನ ಕೆಲಸ, ಸಂಬಳ ಎರಡನ್ನೂ ಕಾಯುತ್ತದೆ. ತಕ್ಕ ಹುದ್ದೆ ಸಿಗುವವರೆಗೆ ಹೆಚ್ಚುವರಿ ಹುದ್ದೆಯಲ್ಲಾದರೂ ಇಟ್ಟುಕೊಳ್ಳಬೇಕು. ಮರ ಹತ್ತುವವನನ್ನು ಆ ಕಲಂ ಮುಟ್ಟುವುದಿಲ್ಲ. ಅವನಿಗೆ ‘ದಿವ್ಯಾಂಗ’ ಎಂಬ ಹೆಸರು, ಒಂದು ಶಾಲು, ಅಳತೆ ನೋಡದ ಕುರ್ಚಿ.

ಕಥೆಗಳನ್ನು ಕೇಳಿದಿರಿ, ನಾನು ಟೇಪು ಹಿಡಿಯಲು ಹೇಳುತ್ತಿದ್ದೇನೆ. ತಮ್ಮನ ಸೊಂಟದ ಅಗಲ, ಮಂಡಿಯಿಂದ ಹಿಮ್ಮಡಿಗೆ ಉದ್ದ, ಜಗಲಿಯ ಎತ್ತರ, ಮೂರನ್ನೂ ಅಳೆದು ಬರೆಯಿರಿ. ಅಳೆಯುವಾಗ ಅವನನ್ನೂ ಕೇಳಿ. ಪತ್ರದಲ್ಲಿ ಅವನ ಮಾತು ಒಂದೂ ಇಲ್ಲ.